ಸೀಸೆಯ ಮೇಲೊಂದು ಇಸವಿ

2019ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಸೋದಬೀಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಒಂದು ಸೀಸೆ ವಿಸ್ಕಿ ಐವತ್ತನಾಲ್ಕು ಸಾವಿರ ಪೌಂಡುಗಳಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು. ಆ ಸೀಸೆಗೆ ಬೆಲೆ ತಂದುಕೊಟ್ಟ ಸಂಗತಿಗಳು ಎರಡು. ಒಂದು, ‘ಬ್ರೋರಾ’ ಎಂಬ ಊರಿನ ಹೆಸರು; ಇನ್ನೊಂದು, ‘1972’ ಎಂಬ ಇಸವಿ.

1972ರಲ್ಲಿ ಆ ಮದ್ಯವನ್ನು ಭಟ್ಟಿಯಿಳಿಸಿದ ಕೆಲಸಗಾರರಿಗೆ ಈ ಬೆಲೆಯ ಮಾತನ್ನು ಯಾರಾದರೂ ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರೇನೋ. ಅವರು ತಯಾರಿಸುತ್ತಿದ್ದುದು ಬೇರೆ ಮದ್ಯಗಳ ಜೊತೆಗೆ ಬೆರೆಸಲೆಂದು ಉದ್ದೇಶಿಸಿದ ಸಾಮಾನ್ಯ ಸರಕು. ಅದನ್ನು ಅದರ ಸ್ವಂತ ಹೆಸರಿನಲ್ಲಿ ಯಾರಾದರೂ ಕೊಂಡಾರು ಎಂಬ ಎಣಿಕೆ ಒಡೆಯರಿಗೂ ಇರಲಿಲ್ಲ. ಹನ್ನೊಂದು ವರ್ಷಗಳ ತರುವಾಯ ಆ ಭಟ್ಟಿಯ ಒಲೆಯನ್ನೇ ಆರಿಸಿ ಬಾಗಿಲಿಗೆ ಬೀಗ ಹಾಕಲಾಯಿತು.

ಮದ್ಯಪಾನದ ಗುಣದೋಷಗಳ ವಿಚಾರ ಬೇರೆ. ಅದರ ಹನಿಯನ್ನೂ ಮುಟ್ಟದ ಗೃಹಸ್ಥನಿಗೂ ಬ್ರೋರಾದ ಕಥೆ ಕೇಳಬೇಕಾದದ್ದೇ. ಏಕೆಂದರೆ ಅದು ಮನುಷ್ಯರು ಯಾವುದಕ್ಕೆ ಬೆಲೆ ಕಟ್ಟಿದರು, ಯಾವುದನ್ನು ಬೆಲೆಯಿಲ್ಲವೆಂದು ಬಿಸುಟರು ಎಂಬುದರ ಕಥೆ.

ಕುರಿಗಳಿಗಾಗಿ ತೆರವಾದ ನಾಡು

ಸ್ಕಾಟ್ಲೆಂಡಿನ ಉತ್ತರಭಾಗದ ಬೆಟ್ಟನಾಡಿಗೆ ಹೈಲ್ಯಾಂಡ್ಸ್ ಎಂದು ಹೆಸರು. ಅದರಲ್ಲಿಯೂ ಉತ್ತರಕ್ಕಿರುವ ಸೀಮೆ ಸದರ್ಲೆಂಡ್. ಒಂದು ಮಗ್ಗುಲಿಗೆ ಉತ್ತರ ಸಮುದ್ರ, ಇನ್ನೊಂದು ಮಗ್ಗುಲಿಗೆ ಹೀದರ್ ಗಿಡಗಳು ಹಬ್ಬಿದ ಬೋಳುಗುಡ್ಡಗಳು, ನಡುನಡುವೆ ಹೊಳೆಗಳು ಹರಿಯುವ ಕಣಿವೆಗಳು. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಈ ಕಣಿವೆಗಳಲ್ಲಿ ಗೇಲಿಕ್ ಭಾಷೆಯನ್ನಾಡುವ ಬಡ ಒಕ್ಕಲುಗಳು ತಲೆತಲಾಂತರದಿಂದ ಬಾಳುತ್ತಿದ್ದರು. ಕರಿಯ ದನಗಳನ್ನು ಸಾಕುವುದು, ಓಟ್ಸ್ ಮತ್ತು ಬಾರ್ಲಿಯನ್ನು ಬೆಳೆಯುವುದು ಅವರ ಕಸುಬು. ಮಿಕ್ಕ ಬಾರ್ಲಿಯಿಂದ ಗುಟ್ಟಾಗಿ ವಿಸ್ಕಿ ಇಳಿಸಿ ಮಾರಿ, ಬಂದ ಹಣದಿಂದ ಗೇಣಿ ಸಲ್ಲಿಸುವುದೂ ಉಂಟಾಗಿತ್ತು.

ಈ ಸೀಮೆಯ ಬಹುಪಾಲು ಒಬ್ಬಳೇ ಒಡತಿಗೆ ಸೇರಿತ್ತು. ಆಕೆ ಸದರ್ಲೆಂಡಿನ ಕೌಂಟೆಸ್ ಎಲಿಜಬೆತ್. ಆಕೆಯ ಪತಿ ಸ್ಟಾಫರ್ಡಿನ ಮಾರ್ಕ್ವಿಸ್ ಇಂಗ್ಲೆಂಡಿನವನು. ಆ ಕಾಲದ ಬ್ರಿಟನ್ನಿನ ಮಹಾಶ್ರೀಮಂತರಲ್ಲಿ ಒಬ್ಬನು. 1833ರಲ್ಲಿ ಅವನಿಗೆ ಸದರ್ಲೆಂಡಿನ ಡ್ಯೂಕ್ ಪದವಿ ದೊರೆಯಿತು. ಜಮೀನಿನ ಆದಾಯವನ್ನು ಹೆಚ್ಚಿಸಲು ಈ ದಂಪತಿಗಳ ಪಾರುಪತ್ಯಗಾರರು ಕಂಡುಕೊಂಡ ದಾರಿ ಸರಳವಾಗಿತ್ತು: ಕಣಿವೆಗಳನ್ನು ತೆರವು ಮಾಡಿ ದೊಡ್ಡ ಕುರಿಸಾಕಣೆದಾರರಿಗೆ ಗುತ್ತಿಗೆ ಕೊಡುವುದು, ಒಕ್ಕಲುಗಳನ್ನು ಕಡಲತೀರಕ್ಕೆ ಸಾಗಿಸಿ ಅಲ್ಲಿ ಅಂಗೈಯಗಲದ ಹಿಡುವಳಿಗಳನ್ನು ಕೊಡುವುದು. ಆ ಹಿಡುವಳಿಗಳನ್ನು ಬೇಕೆಂದೇ ಕಿರಿದಾಗಿ ಅಳೆಯಲಾಗಿತ್ತು. ಬೇಸಾಯದಿಂದಲೇ ಹೊಟ್ಟೆ ತುಂಬಿದರೆ ಇವರು ಮೀನು ಹಿಡಿಯಲು ಸಮುದ್ರಕ್ಕೆ ಇಳಿಯಲಾರರು ಎಂಬುದು ಆಗಿನ ಲೆಕ್ಕಾಚಾರ. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರುಂಟೆ? ಕಣಿವೆಯ ಜನರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

1807ರಿಂದ 1821ರವರೆಗೆ ಈ ಒಕ್ಕಲೆಬ್ಬಿಸುವ ಕಾರ್ಯ ನಡೆಯಿತು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಪ್ಯಾಟ್ರಿಕ್ ಸೆಲ್ಲರ್ ಎಂಬ ಪಾರುಪತ್ಯಗಾರ ನಿಂತು ಮನೆಗಳನ್ನು ತೆರವು ಮಾಡಿಸಿದ. ಜನ ಮರಳಿ ಬಂದು ನೆಲೆಸದಂತೆ ಸೂರಿನ ತೊಲೆಗಳಿಗೆ ಬೆಂಕಿಯಿಡಲಾಯಿತು. ಮುದಿ ಹೆಂಗಸೊಬ್ಬಳು ಒಳಗಿದ್ದಾಗಲೇ ಮನೆಗೆ ಬೆಂಕಿ ಬಿತ್ತೆಂದೂ, ಹೊರಗೆ ಹೊತ್ತು ತಂದರೂ ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳೆಂದೂ ಸೆಲ್ಲರನ ಮೇಲೆ ಆಪಾದನೆ ಬಂತು. 1816ರಲ್ಲಿ ಇನ್ವರ್‌ನೆಸ್ ಪಟ್ಟಣದಲ್ಲಿ ವಿಚಾರಣೆ ನಡೆದು ಅವನು ನಿರ್ದೋಷಿಯೆಂದು ತೀರ್ಪಾಯಿತು. ತಾನು ತೆರವು ಮಾಡಿಸಿದ ನೆಲದಲ್ಲಿಯೇ ಅವನು ಕುರಿ ಸಾಕಿ ಸಿರಿವಂತನಾದ.

ಎಲ್ಲಕ್ಕಿಂತ ದೊಡ್ಡ ತೆರವು ನಡೆದುದು 1819ರ ಬೇಸಗೆಯ ಆರಂಭದಲ್ಲಿ. ಸ್ಟ್ರಾತ್‌ನೇವರಿನ ಕಲ್ಲುಕುಟಿಗ ಡೊನಾಲ್ಡ್ ಮೆಕ್ಲೌಡ್ ಒಂದು ರಾತ್ರಿ ಗುಡ್ಡದ ಮೇಲೆ ನಿಂತು ಉರಿಯುತ್ತಿದ್ದ ಇನ್ನೂರೈವತ್ತು ಮನೆಗಳನ್ನು ಎಣಿಸಿದೆನೆಂದು ಮುಂದೆ ಬರೆದಿದ್ದಾನೆ.

ಅದೇ 1819ರಲ್ಲಿ, ಅದೇ ಜಮೀನಿನಲ್ಲಿ, ಅದೇ ಮಾರ್ಕ್ವಿಸನ ಹಣದಿಂದ ಬ್ರೋರಾದ ಭಟ್ಟಿ ತಲೆಯೆತ್ತಿತು.

ಲೆಕ್ಕಾಚಾರದ ಕೂಸು

ಜಹಗೀರಿನ ಆಡಳಿತದ ಸೂತ್ರ ಹಿಡಿದಿದ್ದ ಜೇಮ್ಸ್ ಲಾಕ್ ಸಾಮಾನ್ಯನಲ್ಲ. ಕೈಗೊಂಡ ‘ಸುಧಾರಣೆ’ಗಳನ್ನು ಸಮರ್ಥಿಸಿ 1820ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದವನು. ಕಡಲತೀರಕ್ಕೆ ಬಂದ ಒಕ್ಕಲುಗಳು ಬಾರ್ಲಿ ಬೆಳೆದರೆ ಅದನ್ನು ಕೊಳ್ಳುವವರು ಬೇಕು. ಕೊಳ್ಳುವವರಿಲ್ಲದಿದ್ದರೆ ಅದು ಕಳ್ಳಭಟ್ಟಿಗೆ ಹೋಗುತ್ತದೆ. ಸಮೀಪದಲ್ಲೊಂದು ಕಾನೂನುಬದ್ಧ ಭಟ್ಟಿ ಇದ್ದರೆ ಬಾರ್ಲಿಗೆ ಪೇಟೆಯೂ ಆಯಿತು, ಕಳ್ಳಭಟ್ಟಿಗೆ ಕಡಿವಾಣವೂ ಆಯಿತು. ಬ್ರೋರಾದಲ್ಲಿ ಮೊದಲೇ ಕಲ್ಲಿದ್ದಲಿನ ಗಣಿಯಿತ್ತು. ಒಲೆಗೆ ಸೌದೆ ದೊರೆತಂತಾಯಿತು. ಭಟ್ಟಿಯಲ್ಲಿ ಉಳಿದ ಚರಟವನ್ನು ಹಂದಿಗಳಿಗೆ ಹಾಕಬಹುದು. ಹಂದಿಯ ಗೊಬ್ಬರವನ್ನು ಹೊಲಕ್ಕೆ ಹಾಕಬಹುದು. ಹೀಗೆ ಒಂದು ಕಾಳೂ ವ್ಯರ್ಥವಾಗದ ಏರ್ಪಾಡು ಕಾಗದದ ಮೇಲೆ ಸಿದ್ಧವಾಯಿತು. ಕ್ಲೈನ್‌ಲಿಶ್ ಎಂಬ ತೋಟದ ನೆಲದಲ್ಲಿ ಕಟ್ಟಿದ್ದರಿಂದ ಭಟ್ಟಿಗೆ ಕ್ಲೈನ್‌ಲಿಶ್ ಎಂಬ ಹೆಸರೇ ನಿಂತಿತು.

ಕಾಗದದ ಲೆಕ್ಕ ನೆಲದ ಮೇಲೆ ಸುಲಭವಾಗಿ ಕೂಡಿಬರಲಿಲ್ಲ. ಮೊದಲ ಗುತ್ತಿಗೆದಾರ ಜೇಮ್ಸ್ ಹಾರ್ಪರ್ ಹತ್ತು ವರ್ಷ ತುಂಬುವ ಮೊದಲೇ ದಿವಾಳಿಯೆದ್ದ. ಭಟ್ಟಿ ಕೈಯಿಂದ ಕೈಗೆ ದಾಟಿ 1846ರಲ್ಲಿ ಜಾರ್ಜ್ ಲಾಸನ್ನನ ಪಾಲಿಗೆ ಬಂದಿತು. ಅವನ ಮನೆತನ ಐವತ್ತು ವರ್ಷ ಅದನ್ನು ನಡೆಸಿ ಒಳ್ಳೆಯ ಹೆಸರು ಗಳಿಸಿಕೊಟ್ಟಿತು. 1880ರ ದಶಕದಲ್ಲಿ ಬ್ರಿಟನ್ನಿನ ಭಟ್ಟಿಗಳನ್ನೆಲ್ಲ ಸುತ್ತಿ ಬೃಹದ್ಗ್ರಂಥವನ್ನು ಬರೆದ ಆಲ್ಫ್ರೆಡ್ ಬಾರ್ನಾರ್ಡ್, ಕ್ಲೈನ್‌ಲಿಶ್ ವಿಸ್ಕಿಗೆ ಬೇಡಿಕೆ ಎಷ್ಟಿದೆಯೆಂದರೆ ಒಡೆಯರು ವ್ಯಾಪಾರಿಗಳಿಗೆ ಇಲ್ಲವೆಂದು ಹೇಳಿ ಮನೆಮನೆಯ ಗಿರಾಕಿಗಳಿಗೆ ಮಾತ್ರ ಕಳುಹಿಸುತ್ತಾರೆ ಎಂದು ದಾಖಲಿಸಿದ್ದಾನೆ. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕನಾಗಿದ್ದ ಪ್ರಸಿದ್ಧ ವಿಮರ್ಶಕ ಜಾರ್ಜ್ ಸೇಂಟ್ಸ್‌ಬರಿ 1920ರಲ್ಲಿ ಪ್ರಕಟಿಸಿದ ತನ್ನ ಮದ್ಯಕೋಶದ ನೆನಪುಗಳಲ್ಲಿಯೂ ಈ ವಿಸ್ಕಿ ಮೆಚ್ಚುಗೆಯ ಮಾತನ್ನು ಪಡೆದಿದೆ.

ಆದರೆ ಅಷ್ಟರಲ್ಲಿ ಕಾಲ ಮಗುಚಿಕೊಂಡಿತ್ತು. ಹಲವು ಭಟ್ಟಿಗಳ ಮದ್ಯವನ್ನು ಹದವರಿತು ಬೆರೆಸಿದ ‘ಮಿಶ್ರ ವಿಸ್ಕಿ’ ಲೋಕದ ಪೇಟೆಯನ್ನು ಆಕ್ರಮಿಸಿತು. 1925ರ ಹೊತ್ತಿಗೆ ಕ್ಲೈನ್‌ಲಿಶ್ ಡಿಸ್ಟಿಲರ್ಸ್ ಕಂಪೆನಿ ಎಂಬ ಮಹಾಸಂಸ್ಥೆಯ ಹತ್ತಾರು ಭಟ್ಟಿಗಳಲ್ಲಿ ಒಂದಾಗಿಹೋಯಿತು. ಹಬ್ಬದ ಅಡುಗೆಯಲ್ಲಿ ಒಗ್ಗರಣೆಯ ಸಾಸಿವೆಯ ಹೆಸರನ್ನು ಯಾರು ಕೇಳುತ್ತಾರೆ? ಬ್ರೋರಾದ ವಿಸ್ಕಿಯ ಗತಿಯೂ ಅದೇ ಆಯಿತು.

ಇಸವಿ ಎಂದರೇನು?

ಇಸವಿಗೆ ಇಷ್ಟೊಂದು ಬೆಲೆ ಏಕೆಂಬುದನ್ನು ತಿಳಿಯಬೇಕಾದರೆ ವಿಸ್ಕಿಯ ಹುಟ್ಟನ್ನು ಸ್ವಲ್ಪ ನೋಡಬೇಕು. ಬಾರ್ಲಿಯನ್ನು ನೆನೆಯಿಟ್ಟು ಮೊಳಕೆ ಬರಿಸಿ, ಮೊಳಕೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸುತ್ತಾರೆ. ಇದಕ್ಕೆ ಮಾಲ್ಟ್ ಎಂದು ಹೆಸರು. ಒಣಗಿಸುವಾಗ ಪೀಟ್ ಎಂಬ ಜೌಗುನೆಲದ ಕಪ್ಪು ಹೆಂಟೆಗಳನ್ನು ಉರಿಸಿದರೆ ಕಾಳಿಗೆ ಹೊಗೆಯ ವಾಸನೆ ಹತ್ತಿ ಕೊನೆಯವರೆಗೂ ಉಳಿಯುತ್ತದೆ. ಮಾಲ್ಟನ್ನು ನುಚ್ಚು ಮಾಡಿ, ಬಿಸಿನೀರಿನಲ್ಲಿ ಕಲಸಿ, ಸಿಹಿಯಾದ ರಸವನ್ನು ಬಸಿದು, ಯೀಸ್ಟ್ ಹಾಕಿ ಹುಳಿಸಿ, ಆ ದ್ರವವನ್ನು ತಾಮ್ರದ ಹಂಡೆಗಳಲ್ಲಿ ಎರಡು ಸಲ ಭಟ್ಟಿಯಿಳಿಸುತ್ತಾರೆ. ಹೊರಬರುವುದು ನೀರಿನಂತೆ ತಿಳಿಯಾದ, ಉರಿಯುವ ಮದ್ಯ. ಅದನ್ನು ಓಕ್ ಮರದ ಪೀಪಾಯಿಗಳಲ್ಲಿ ತುಂಬಿಡುತ್ತಾರೆ. ಕನಿಷ್ಠ ಮೂರು ವರ್ಷ ಪೀಪಾಯಿಯಲ್ಲಿರದೆ ಅದಕ್ಕೆ ಸ್ಕಾಚ್ ವಿಸ್ಕಿ ಎಂಬ ಹೆಸರು ಸಲ್ಲದು. ಹೊನ್ನಿನ ಬಣ್ಣವನ್ನೂ ನಯವನ್ನೂ ಕೊಡುವುದು ಮರ ಮತ್ತು ಕಾಲ. ಸೀಸೆಗೆ ತುಂಬಿದ ಮೇಲೆ ಬೆಳವಣಿಗೆ ನಿಲ್ಲುತ್ತದೆ. ಸೀಸೆಯಲ್ಲಿ ನೂರು ವರ್ಷವಿದ್ದರೂ ವಿಸ್ಕಿಗೆ ವಯಸ್ಸಾಗುವುದಿಲ್ಲ.

ಪೀಪಾಯಿಯ ಮರ ಉಸಿರಾಡುತ್ತದೆ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಸುಮಾರು ನೂರರಲ್ಲಿ ಎರಡು ಪಾಲು ಮದ್ಯ ಆವಿಯಾಗಿ ಹೋಗುತ್ತದೆ. ಅದಕ್ಕೆ ಅಲ್ಲಿಯ ಜನ ‘ದೇವದೂತರ ಪಾಲು’ ಎಂದು ಸೊಗಸಾದ ಹೆಸರನ್ನಿಟ್ಟಿದ್ದಾರೆ. ಈ ಲೆಕ್ಕದಲ್ಲಿ ನಲವತ್ತು ವರ್ಷಕ್ಕೆ ಪೀಪಾಯಿಯಲ್ಲಿ ಅರ್ಧಕ್ಕಿಂತಲೂ ಕಡಿಮೆ ಉಳಿಯುತ್ತದೆ. ನಮ್ಮ ಬೆಂಗಳೂರಿನಲ್ಲಿಯೂ ಮಾಲ್ಟ್ ವಿಸ್ಕಿ ತಯಾರಾಗುತ್ತದೆ. ಅಮೃತ್ ಸಂಸ್ಥೆಯವರು 2004ರಲ್ಲಿ ತಮ್ಮ ಸರಕನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಮೊದಲು ಮಾರಾಟಕ್ಕಿಟ್ಟರು. ಆದರೆ ಬೆಂಗಳೂರಿನ ಹವೆಯಲ್ಲಿ ವರ್ಷಕ್ಕೆ ನೂರರಲ್ಲಿ ಹತ್ತು ಹನ್ನೆರಡು ಪಾಲು ಆರಿಹೋಗುತ್ತದೆ. ಇಪ್ಪತ್ತು ವರ್ಷ ಕಾದರೆ ಎಂಟರಲ್ಲಿ ಒಂದು ಪಾಲೂ ಉಳಿಯುವುದು ಕಷ್ಟ. ಇಲ್ಲಿ ಬೇಗ ಪಕ್ವವಾಗುತ್ತದೆ, ಅಲ್ಲಿ ದೀರ್ಘಕಾಲ ಕಾಯಬಹುದು.

ಸಾಮಾನ್ಯವಾಗಿ ಬೇರೆ ಬೇರೆ ವರ್ಷಗಳ ಪೀಪಾಯಿಗಳನ್ನು ಕೂಡಿಸಿ ಸೀಸೆಗೆ ತುಂಬುವುದು ರೂಢಿ. ಆದರೆ ಸೀಸೆಯ ಮೇಲೆ ಇಸವಿ ಹಾಕಬೇಕಾದರೆ ಒಳಗಿರುವುದಷ್ಟೂ ಆ ಒಂದೇ ವರ್ಷದಲ್ಲಿ ಇಳಿಸಿದ್ದಾಗಿರಬೇಕು. ಆ ವರ್ಷದ ಕಾಳು, ಒಲೆಯ ಮುಂದೆ ನಿಂತವರ ಕೈವಾಡ, ಒಡೆಯರ ಅಗತ್ಯ ಎಲ್ಲವೂ ಅದರಲ್ಲಿ ಅಡಗಿರುತ್ತವೆ. ಬ್ರೋರಾದ ಮಟ್ಟಿಗೆ ಆ ಕೊನೆಯದೇ ದೊಡ್ಡ ಮಾತಾಯಿತು.

ಹೊಗೆಯ ವರ್ಷಗಳು

1960ರ ದಶಕದಲ್ಲಿ ಮಿಶ್ರ ವಿಸ್ಕಿಗೆ ಬೇಡಿಕೆ ಏರತೊಡಗಿತು. ಕಂಪೆನಿ ಹಳೆಯ ಭಟ್ಟಿಯ ಪಕ್ಕದಲ್ಲಿಯೇ ಆರು ಹಂಡೆಗಳ ಹೊಸ ಭಟ್ಟಿಯನ್ನು ಕಟ್ಟಿಸಿತು. ಹಳೆಯದರ ಹಂಡೆಗಳು ಎರಡೇ. 1968ರಲ್ಲಿ ಹೊಸದು ಕ್ಲೈನ್‌ಲಿಶ್ ಎಂಬ ಹೆಸರನ್ನು ಹೊತ್ತು ನಿಂತಿತು, ಹಳೆಯದನ್ನು ಮುಚ್ಚಲಾಯಿತು.

ಮುಚ್ಚಿದ ಬಾಗಿಲು ಮರುವರ್ಷವೇ ತೆರೆಯಿತು. ಮಿಶ್ರ ವಿಸ್ಕಿಗಳಿಗೆ ಹೊಗೆಯ ವಾಸನೆಯ ಮಾಲ್ಟ್ ಮದ್ಯ ಅಗತ್ಯ. ಅದು ಪಶ್ಚಿಮದ ಐಲಾ ದ್ವೀಪದಿಂದ ಬರುತ್ತಿತ್ತು. ಅಲ್ಲಿಂದ ಬರುವುದು ಸಾಲದಾಯಿತು. ಐಲಾದಲ್ಲಿದ್ದ ಕಂಪೆನಿಯ ಕಾಲ್ ಈಲಾ ಭಟ್ಟಿಯನ್ನು 1972ರಲ್ಲಿ ಕೆಡವಿ ಮರಳಿ ಕಟ್ಟತೊಡಗಿದರು. ಆ ಕೊರತೆಯನ್ನು ತುಂಬಲು ಬ್ರೋರಾದ ಹಳೆಯ ಹಂಡೆಗಳಲ್ಲಿ ಹೊಗೆ ಹಿಡಿದ ಮಾಲ್ಟನ್ನು ಹಾಕಿದರು. ಎರಡು ಭಟ್ಟಿಗಳಿಗೆ ಒಂದೇ ಹೆಸರು ಇರಲಾಗದೆಂದು ಹಳೆಯದಕ್ಕೆ ಬ್ರೋರಾ ಎಂಬ ಊರಿನ ಹೆಸರನ್ನಿಟ್ಟರು. ನೂರೈವತ್ತು ವರ್ಷದ ಹಳೆಯ ಮನೆ ಹೀಗೆ ತನ್ನ ಸ್ವಂತ ಹೆಸರನ್ನೂ ಕಿರಿಯನಿಗೆ ಬಿಟ್ಟುಕೊಟ್ಟು, ಬೇರೊಂದು ದ್ವೀಪದ ಮದ್ಯಕ್ಕೆ ಬದಲಿಯಾಗಿ ದುಡಿಯಿತು.

ದಟ್ಟವಾದ ಹೊಗೆಯ ಈ ಕಾಲ 1973ರವರೆಗೆ, ನಾಲ್ಕೈದು ವರ್ಷ ಮಾತ್ರ ನಡೆಯಿತು. ಅನಂತರ ಹೊಗೆಯ ಮಾಲ್ಟ್ ಆಗೊಮ್ಮೆ ಈಗೊಮ್ಮೆ ಎಂಬಂತಾಯಿತು.

1970ರ ದಶಕದ ಕೊನೆಗೆ ಲೋಕದ ವ್ಯಾಪಾರ ಕುಸಿಯಿತು. ಮಾರಾಟವಾಗದ ವಿಸ್ಕಿ ಉಗ್ರಾಣಗಳಲ್ಲಿ ಕೆರೆಯಂತೆ ನಿಂತಿತು. 1983ರಲ್ಲಿ ಡಿಸ್ಟಿಲರ್ಸ್ ಕಂಪೆನಿ ಒಮ್ಮೆಗೇ ಹನ್ನೊಂದು ಭಟ್ಟಿಗಳನ್ನು ಮುಚ್ಚಿತು. ಅವುಗಳಲ್ಲಿ ಬ್ರೋರಾ ಒಂದು. ಭಟ್ಟಿಗೆ ಬಿಡುವು ಕೊಡುವ ಅವಧಿಯನ್ನು ಅಲ್ಲಿ ‘ಮೌನಕಾಲ’ ಎನ್ನುತ್ತಾರೆ. ಬ್ರೋರಾದ ಮೌನಕಾಲ ಆರಂಭವಾಯಿತೆಂದೂ ಅದರ ಅವಧಿ ನಿಶ್ಚಯವಾಗಿಲ್ಲವೆಂದೂ ತಿಳಿಸುವ ಟಿಪ್ಪಣಿಯೊಂದು ಆ ವರ್ಷದ ಲೆಕ್ಕದ ಪುಸ್ತಕದಲ್ಲಿದೆ. ಆಗ ಅಲ್ಲಿ ಸುಂಕದ ಅಧಿಕಾರಿಯಾಗಿದ್ದವರ ಮನೆಯಲ್ಲಿ ಒಬ್ಬ ಮಗನಿದ್ದ. ಅವನ ಮಾತು ಮುಂದೆ ಬರುತ್ತದೆ.

ಮೌನದಲ್ಲಿ ಬಲಿತದ್ದು

ಹಂಡೆಗಳು ತಣ್ಣಗಾದರೂ ಉಗ್ರಾಣದ ಕತ್ತಲಲ್ಲಿ ಪೀಪಾಯಿಗಳು ತಮ್ಮ ಕೆಲಸವನ್ನು ನಿಲ್ಲಿಸಿರಲಿಲ್ಲ. ಡಿಸ್ಟಿಲರ್ಸ್ ಕಂಪೆನಿಯನ್ನು 1986ರಲ್ಲಿ ಗಿನ್ನೆಸ್ ಸಂಸ್ಥೆ ಕೊಂಡಿತು. 1997ರಲ್ಲಿ ಅದು ಡಿಯಾಜಿಯೋ ಎಂಬ ಬೃಹತ್ ಸಂಸ್ಥೆಯ ಭಾಗವಾಯಿತು. 1995ರ ಸುಮಾರಿಗೆ ಅಪರೂಪದ ಮಾಲ್ಟ್‌ಗಳ ಮಾಲಿಕೆಯೊಂದರಲ್ಲಿ 1972ರ ಬ್ರೋರಾ, ನೀರು ಬೆರೆಸದೆ ಪೀಪಾಯಿಯಲ್ಲಿದ್ದ ತೀಕ್ಷ್ಣತೆಯಲ್ಲಿಯೇ, ಇಪ್ಪತ್ತೆರಡು ವರ್ಷದ ಪ್ರಾಯದಲ್ಲಿ ಸೀಸೆಗೆ ಬಂದಿತು.

ರುಚಿ ಬಲ್ಲವರು ಬೆರಗಾದರು. ಹೊಗೆ, ಕಡಲ ಉಪ್ಪು, ಅದರ ಜೊತೆಗೆ ನಾಲಿಗೆಯ ಮೇಲೆ ಮೇಣ ಸವರಿದಂತಹ ಒಂದು ಸ್ನಿಗ್ಧತೆ. ಈ ಮೇಣದ ಗುಣ ಕ್ಲೈನ್‌ಲಿಶ್ ಮತ್ತು ಬ್ರೋರಾ ಭಟ್ಟಿಗಳ ವೈಶಿಷ್ಟ್ಯ. ಹೊಸ ಕ್ಲೈನ್‌ಲಿಶ್‌ನಲ್ಲಿ ಒಮ್ಮೆ ತೊಟ್ಟಿಯೊಂದರ ತಳದ ಜಿಡ್ಡನ್ನು ಚೆನ್ನಾಗಿ ತೊಳೆದುಬಿಟ್ಟಾಗ ಮದ್ಯದ ಮೇಣದ ಗುಣವೇ ಮಾಯವಾಯಿತೆಂದೂ, ಅಲ್ಲಿಂದೀಚೆಗೆ ಆ ಜಿಡ್ಡನ್ನು ಜೋಪಾನ ಮಾಡುವರೆಂದೂ ಹೇಳುವುದುಂಟು.

2002ರಿಂದ 2017ರವರೆಗೆ ವರ್ಷಕ್ಕೊಮ್ಮೆ ಬ್ರೋರಾದ ಸೀಸೆಗಳು ಹೊರಬಂದವು. ಉಗ್ರಾಣ ಬರಿದಾದಂತೆ ಬೆಲೆ ಏರಿತು. 2014ರಲ್ಲಿ ಹೊರಬಂದ 1972ರ ನಲವತ್ತು ವರ್ಷದ ಬ್ರೋರಾ 160 ಸೀಸೆ ಮಾತ್ರ. ಬೆಲೆ ತಲಾ ಸುಮಾರು ಏಳು ಸಾವಿರ ಪೌಂಡು. ಐದು ವರ್ಷಗಳ ತರುವಾಯ ಹರಾಜಿನಲ್ಲಿ ಅದರ ಬೆಲೆ ಏಳೆಂಟು ಪಟ್ಟಾಯಿತು. ಒಂದು ಕೊರತೆಯನ್ನು ತುಂಬಲು ಆತುರದಲ್ಲಿ ಮಾಡಿದ ಸರಕು, ತಾನೇ ತುಂಬಲಾಗದ ಕೊರತೆಯಾಗಿ ನಿಂತಿತು. ಮಿಶ್ರಣಕ್ಕೆ ಹೋದದ್ದು ಹೋಯಿತು. ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ಉಳಿದುಕೊಂಡ ಪೀಪಾಯಿಗಳೇ ನಿಧಿಯಾದವು.

ಮತ್ತೆ ಹೊತ್ತಿದ ಒಲೆ

1983ರಲ್ಲಿ ಮುಚ್ಚಿದ ಹಲವು ಭಟ್ಟಿಗಳನ್ನು ಕೆಡವಿ ಆ ಸ್ಥಳದಲ್ಲಿ ಅಂಗಡಿಗಳನ್ನೂ ಮನೆಗಳನ್ನೂ ಕಟ್ಟಿದರು. ಬ್ರೋರಾದ ಅದೃಷ್ಟವೆಂದರೆ ಅದರ ಉಗ್ರಾಣಗಳು ಪಕ್ಕದ ಕ್ಲೈನ್‌ಲಿಶ್‌ಗೆ ಬೇಕಾಗಿದ್ದವು; ಕಟ್ಟಡ ನಿಂತಿತ್ತು, ಎರಡು ತಾಮ್ರದ ಹಂಡೆಗಳೂ ದೂಳು ಹಿಡಿದು ಇದ್ದಲ್ಲಿಯೇ ಇದ್ದವು. 2017ರ ಅಕ್ಟೋಬರಿನಲ್ಲಿ ಡಿಯಾಜಿಯೋ ಬ್ರೋರಾವನ್ನೂ, ಐಲಾದ್ವೀಪದ ಪೋರ್ಟ್ ಎಲೆನ್ನನ್ನೂ ಮರಳಿ ತೆರೆಯುವುದಾಗಿ ಸಾರಿತು. ಎರಡಕ್ಕೂ ಸೇರಿ ಮೂವತ್ತೈದು ದಶಲಕ್ಷ ಪೌಂಡಿನ ವೆಚ್ಚ.

ಜೀರ್ಣೋದ್ಧಾರ ದೇವಾಲಯದ ಜೀರ್ಣೋದ್ಧಾರದಷ್ಟೇ ಶ್ರದ್ಧೆಯಿಂದ ನಡೆಯಿತು. ಹಂಡೆಗಳ ಮನೆಯ ಗೋಡೆಗಳು ನಿಲ್ಲಲಾರವೆಂದು ಕಂಡಾಗ ಕಲ್ಲುಗಳನ್ನು ಬಿಚ್ಚಿ, ಅವೇ ಕಲ್ಲುಗಳಿಂದ ಮತ್ತೆ ಕಟ್ಟಿದರು. ಎರಡು ಹಂಡೆಗಳನ್ನು ದಕ್ಷಿಣದ ಅಲೋವಾ ಪಟ್ಟಣದ ಕಂಚುಗಾರರ ಕಾರ್ಖಾನೆಗೆ ಒಯ್ದು ಕೈಯಿಂದಲೇ ದುರಸ್ತಿ ಮಾಡಿ ತಂದರು. ಆವಿಯನ್ನು ತಣಿಸುವ ತಾಮ್ರದ ಸುರುಳಿಗಳನ್ನು ಹಳೆಯ ಕ್ರಮದಲ್ಲಿಯೇ ನೀರಿನ ತೊಟ್ಟಿಗಳಲ್ಲಿ ಇರಿಸಿದರು. ಹಳೆಯ ಲೆಕ್ಕದ ಪುಸ್ತಕಗಳನ್ನು ಓದಿ, ಉಳಿದ ಪೀಪಾಯಿಗಳ ಮದ್ಯವನ್ನು ಪರೀಕ್ಷಿಸಿ, ಹಿಂದಿನವರು ಹೇಗೆ ಮಾಡುತ್ತಿದ್ದರೆಂದು ಊಹಿಸಿದರು.

2021ರ ಮೇ 19ರಂದು, ಮೂವತ್ತೆಂಟು ವರ್ಷಗಳ ಮೌನ ಮುರಿದು, ಮೊದಲ ಪೀಪಾಯಿ ತುಂಬಿತು. ಅಂದು ಭಟ್ಟಿಯ ಹೊಣೆ ಹೊತ್ತು ನಿಂತಿದ್ದವನು ಆ ಸುಂಕದ ಅಧಿಕಾರಿಯ ಮಗನೇ. ಆ ವರ್ಷ ಹಳೆಯ ಸಂಗ್ರಹದಿಂದ 1972, 1977, 1982ರ ಮೂರು ಸೀಸೆಗಳ ಮುನ್ನೂರು ಪೆಟ್ಟಿಗೆಗಳು ಬಿಡುಗಡೆಯಾದವು. ಪೆಟ್ಟಿಗೆಗೆ ಮೂವತ್ತು ಸಾವಿರ ಪೌಂಡು. 1982 ಎಂಬುದು ಮುಚ್ಚುವ ಮುನ್ನಿನ ಕೊನೆಯ ಪೂರ್ಣ ವರ್ಷ.

ಕಲ್ಲು ಮರಳಿತು, ತಾಮ್ರ ಮರಳಿತು, ಹಂಡೆಯ ಕಾವು ಮರಳಿತು. ಸ್ಟ್ರಾತ್‌ನೇವರ್ ಕಣಿವೆಯ ಜನ ಮಾತ್ರ ಮರಳಲಿಲ್ಲ. ಅವರಲ್ಲಿ ಅನೇಕರು ಕಡಲು ದಾಟಿ ಹೋದರು. ಉರಿಯುವ ಮನೆಗಳನ್ನು ಎಣಿಸಿದ ಡೊನಾಲ್ಡ್ ಮೆಕ್ಲೌಡ್ ಕೂಡ ಕೆನಡಾ ಸೇರಿ ಅಲ್ಲಿಯೇ ತನ್ನ ನೆನಪುಗಳನ್ನು ಗ್ರಂಥವಾಗಿ ಹೊರತಂದ. ಅವರ ಮನೆಗಳ ಅಡಿಪಾಯದ ಕಲ್ಲುಸಾಲುಗಳು ಹುಲ್ಲಿನ ನಡುವೆ ಇಂದಿಗೂ ಕಾಣುತ್ತವೆ. ಬ್ರೋರಾದ ದಕ್ಷಿಣಕ್ಕಿರುವ ಗೋಲ್ಸ್‌ಪಿ ಊರಿನ ಗುಡ್ಡದ ತುದಿಯಲ್ಲಿ ಮೊದಲ ಡ್ಯೂಕನ ಬೃಹತ್ ಪ್ರತಿಮೆ ಕಡಲಿನತ್ತ ಮುಖಮಾಡಿ ನಿಂತಿದೆ. 2019ರಲ್ಲಿ ಭಟ್ಟಿಯ ಇನ್ನೂರನೆಯ ವರ್ಷದ ನೆನಪಿಗೆಂದು 1978ರ ವಿಸ್ಕಿಯನ್ನು 1,819 ಸೀಸೆಗಳಲ್ಲಿ ಹೊರತಂದರು. ಆ ಸಂಖ್ಯೆ ಭಟ್ಟಿಯ ಹುಟ್ಟಿನ ಇಸವಿ. ಕಣಿವೆಯ ಒಲೆಗಳು ಆರಿದ ಇಸವಿಯೂ ಅದೇ.

ಹೊಸ ಬ್ರೋರಾದ ಮೊದಲ ಪೀಪಾಯಿಗೆ ನಲವತ್ತು ವರ್ಷ ತುಂಬುವುದು 2061ರಲ್ಲಿ. ಅದನ್ನು ತುಂಬಿದ ಕೈಗಳಲ್ಲಿ ಅನೇಕ ಕೈಗಳು ಅಂದು ಇರಲಾರವು. ಅದು 1972ರದರಂತೆ ಆದೀತೆ, ಅದಕ್ಕಿಂತ ಮೇಲಾದೀತೆ, ಅಥವಾ ಮತ್ತೊಮ್ಮೆ ಯಾರಿಗೂ ಬೇಡವಾಗಿ ಮೂಲೆ ಸೇರೀತೆ? ತೀರ್ಪು ಕೊಡಬೇಕಾದವರು ಇಂದು ಬ್ರೋರಾದ ಬೀದಿಗಳಲ್ಲಿ ಪುಸ್ತಕದ ಚೀಲ ಹೊತ್ತು ಶಾಲೆಗೆ ಹೋಗುತ್ತಿದ್ದಾರೆ. ಉಗ್ರಾಣದಲ್ಲಿ ದೇವದೂತರು ತಮ್ಮ ಪಾಲನ್ನು ಪಡೆಯತೊಡಗಿದ್ದಾರೆ.